ಮೆಣಸಿನಂಗಡಿ ಸಾಹೇಬರ ಹಡಗು

ಸೊಸೆ ಸಾರಿಗೆ ಕರಿಮೆಣಸು ಕುಟ್ಟುತ್ತಿದ್ದಳು. ಘಾಟು ಮೂಗಿಗೆ ಬಡಿದದ್ದೇ ತಡ, ಸಿರಾ ಪೇಟೆಯ ಮೆಣಸಿನಂಗಡಿ ಸಾಹೇಬರು ಎದುರಿಗೆ ಬಂದು ಕೂತರು. ನಾನು ಮಧುಗಿರಿಗೆ ಬಂದು ಇಷ್ಟು ಕಾಲವಾದರೂ ಬಿಡುವುದಿಲ್ಲ, ಪುಣ್ಯಾತ್ಮ.

ನಾನಾಗ ಸಿರಾದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಶಾಲೆಗೂ ಅವರ ಅಂಗಡಿಗೂ ನಡುವೆ ಒಂದೇ ಗೋಡೆ. ಪೋರ್ಚುಗೀಸರು ಆಫ್ರಿಕಾ ಸುತ್ತಿಕೊಂಡು ಕಲ್ಲಿಕೋಟೆಗೆ ಸಮುದ್ರದ ದಾರಿ ಹುಡುಕಿದ ಪಾಠವನ್ನು ವರ್ಷವರ್ಷವೂ ಕಿರುಚುತ್ತಿದ್ದೆ. ಗೋಡೆಯಾಚೆ ಸಾಹೇಬರಿಗೂ ಕೇಳುತ್ತಿತ್ತು.

“ಅಷ್ಟ್ ದೂರದಿಂದ ಅದ್ಯಾಕ್ ಬಂದ್ರು ಮೇಷ್ಟ್ರೆ?”

“ಮೆಣಸಿಗೆ.”

“ಯಾ ಅಲ್ಲಾ! ಇದಕ್ಕಾ? ನಮ್ಮಂಗ್ಡಿಗೆ ಬಂದಿದ್ರೆ ಪೊಟ್ಣ ಕಟ್ಕೊಡ್ತಿದ್ನಲ್ಲ!”

ಆಮೇಲೆ ಆ ಪೋರ್ಚುಗೀಸರು ಕಡಲೇ ತಮ್ಮದೆಂದು ಹಜ್ ಯಾತ್ರಿಕರ ಹಡಗುಗಳನ್ನೂ ತಡೆದರೆಂದು ಹೇಳಿದೆ. ಸಾಹೇಬರ ನಗು ನಿಂತಿತು. ಹಡಗು ಹತ್ತಿ ಮೆಕ್ಕಾಕ್ಕೆ ಹೋಗಬೇಕು... ಅವರಿಗಿದ್ದದ್ದು ಅದೊಂದೇ ಆಸೆ.

ಒಂದು ವರ್ಷ ಹೊರಟೇಬಿಟ್ಟರು. ಹಜ್‌ಗೆ ಹೊರಟವರು ತಿರುಗಿ ಬರುವ ನಂಬಿಕೆ ಇಟ್ಟುಕೊಳ್ಳದೆ, ಮನೆಮನೆಗೆ ಹೋಗಿ ತಪ್ಪಾಗಿದ್ದರೆ ಮಾಫ್ ಮಾಡಿ ಅನ್ನಬೇಕು. ಜಗಳವಾಡಿದವರ ಬಾಗಿಲನ್ನೂ ಅವರು ಬಿಡಲಿಲ್ಲ. ಹಾರ ಹಾಕಿ ಬಸ್ಸು ಹತ್ತಿಸಿದೆವು. ಬೊಂಬಾಯಿಗೆ ಹೋಗಿ ನೋಡಿದರೆ, ಎರಡನೇ ಮಹಾಯುದ್ಧದ ದೆಸೆಯಿಂದ ಯಾತ್ರೆಯ ಹಡಗೇ ಇಲ್ಲ...

ವಾಪಸು ಬಂದವರು ಪೇಟೆಯಲ್ಲಿ ತಲೆ ಎತ್ತಿ ನಡೆಯಲಿಲ್ಲ.

“ಎಲ್ರಿಗೂ ಕೊನೇ ಸಲಾಮ್ ಹೇಳಿ ಹೋದೋನು ಬಂದ್ಬುಟ್ಟೆನಲ್ಲ. ಯಾವ್ ಮುಖ ಇಟ್ಕಂಡು ಮೆಣಸು ತೂಗ್ಲಿ?”

ಹುಚ್ಚು ಮನುಷ್ಯ! ಹಡಗಿಲ್ಲದಿದ್ದರೆ ಇವರೇನು ಮಾಡಿಯಾರು? ಎಷ್ಟು ಹೇಳಿದರೂ ಕೇಳಲಿಲ್ಲ. ಹೇಳಿ ಹೇಳಿ ನನಗೂ ಸಾಕಾಯಿತು.

ಯುದ್ಧ ಮುಗಿಯಿತು. ಹಡಗು ಮತ್ತೆ ಬಿಡುತ್ತಾರಂತೆ ಎಂಬ ಸುದ್ದಿ ಬಂದ ಸಂಜೆಯೇ ಕೋಲೂರಿಕೊಂಡು, ಏದುಸಿರು ಬಿಡುತ್ತ ನನ್ನ ಬಾಗಿಲಿಗೆ ಬಂದರು.

“ಇನ್ನೊಂದ್ ಸಲ ಮಾಫ್ ಮಾಡ್ಬುಡಿ ಮೇಷ್ಟ್ರೆ.”

“ಹಿಂದಿನದೇ ಸಾಲದಾ?”

“ಅದಾದ್ ಮ್ಯಾಲೆ ನಿಮ್ ಮ್ಯಾಲೆ ಎಷ್ಟ್ ಸಲ ರೇಗಿವ್ನಿ! ಹೊಸದಾಗೇ ಕೇಳ್ಬೇಕು.”

ಮಾಫ್ ಅಂದೆ. ಕಾಲು ನೋಯುತ್ತದೆ, ಉಳಿದ ಮನೆಗಳಿಗೆ ನಾಳೆ ಹೋಗುತ್ತೇನೆ ಎಂದು ಹೊರಟರು. ಮಾರನೆಯ ದಿನ ಅಂಗಡಿ ತೆರೆಯಲಿಲ್ಲ. ಉಳಿದ ಮನೆಯವರೇ ಅವರ ಬಾಗಿಲಿಗೆ ಹೋಗಿ, ಮಲಗಿದ್ದ ಆ ದೇಹಕ್ಕೆ, ಕೇಳದಿದ್ದರೂ ಮಾಫ್ ಅಂದು ಬಂದರು.

ಆಮೇಲೂ ಆ ಪಾಠ ಮಾಡಿದೆ, ಹೊಟ್ಟೆಪಾಡು. ‘ದಾರಿ ಸಿಕ್ಕಿತು’ ಅನ್ನುವಲ್ಲಿ ಮಾತ್ರ ದನಿ ಏಳುತ್ತಿರಲಿಲ್ಲ.

ಸೊಸೆ ಊಟಕ್ಕೆ ಕರೆಯುತ್ತಿದ್ದಾಳೆ. ನನಗೂ ಈಗ ಮನೆಮನೆಗೆ ಹೋಗಿ ಮಾಫ್ ಕೇಳುವ ವಯಸ್ಸು. ಮೊದಲು ಸಾಹೇಬರ ಬಾಗಿಲಿಗೇ ಹೋಗಬೇಕಿತ್ತು... ಅಲ್ಲಿ ಯಾರಿದ್ದಾರೆ?