ಸವಣೂರಿನ ಎಲೆತೋಟಕ್ಕೆ ಬೀಗವಿಲ್ಲದ ಪೈಥಾನ್

ಇಲ್ಲ, ಆ ಮಂಜು ಅದೇ ದಿನದ್ದಲ್ಲವೇನೋ. ಹಿರೇಕೆರೂರು ಬಿಟ್ಟಾಗ ಬಸ್ಸಿನ ಗಾಜು ಬೆಳ್ಳಗಿತ್ತೆಂದು ನೆನಪು ಹೇಳುತ್ತದೆ. ಅದು ಧೂಳೂ ಆಗಿರಬಹುದು. ಖಚಿತವಾಗಿರುವುದು ಇಷ್ಟೇ: ಕೈಯಲ್ಲಿ ಹೆಂಗಸರ ಉಚಿತ ಟಿಕೆಟ್, ತೊಡೆಯ ಮೇಲೆ ಲ್ಯಾಪ್‌ಟಾಪ್, ಹನ್ನೊಂದರೊಳಗೆ ಸವಣೂರು ಮುಟ್ಟಲೇಬೇಕೆಂಬ ಹಟ.

ಅಲ್ಲಿ ಶಾಂತವ್ವನ ತೋಟದ ವೀಳ್ಯದೆಲೆ ಬಳ್ಳಿಗೆ ಕೊಳೆರೋಗ ಬಿದ್ದಿತ್ತು. ಎರಡು ಗಂಟೆಗೆ ಕರೆಂಟು ಬಂದರೆ ಮೋಟಾರು ಹಾಕಲೇಬೇಕು, ಇಲ್ಲದಿದ್ದರೆ ಬಳ್ಳಿ ಬಾಡುತ್ತದೆ. ಹಾಕಿದರೆ ನೀರಿನ ಜೊತೆ ರೋಗವೂ ಸಾಲಿನಿಂದ ಸಾಲಿಗೆ ಹರಿಯುತ್ತದೆ. ಅಷ್ಟರೊಳಗೆ ರೋಗದ ಸಾಲುಗಳನ್ನು ಕೀಳಬೇಕಿತ್ತು. ಎಲೆಗಳ ಫೋಟೋ ನೋಡಿ, ರೋಗ ಬರಿಗಣ್ಣಿಗೆ ಸರಿಯಾಗಿ ಕಾಣುವ ಮೊದಲೇ ಆ ಸಾಲುಗಳನ್ನು ಗುರುತಿಸುವ ಪ್ರೋಗ್ರಾಮನ್ನು ನಾನು ಪೈಥಾನಿನಲ್ಲಿ ಬರೆದಿದ್ದೆ.

ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ, ಗಿರ್ಮಿಟ್ಟು ತಿಂದೆ. ಶಿಗ್ಗಾಂವಿಯ ನಿಲ್ದಾಣದಲ್ಲಿ ಪರೀಕ್ಷೆಗೆಂದು ಪ್ರೋಗ್ರಾಮು ಓಡಿಸಿದರೆ ವೇಗವೇ ಇಲ್ಲ. ಹಳೆಯ ಪೈಥಾನಿಗೆ ಒಂದು ಬೀಗವಿತ್ತು: ಕೆಲಸವನ್ನು ಎಷ್ಟು ಎಳೆಗಳಿಗೆ ಹಂಚಿದರೂ ಒಂದು ಹೊತ್ತಿಗೆ ಒಂದೇ ಎಳೆ ಓಡಬೇಕು. ನಾನು ಹಾಕಿಕೊಂಡಿದ್ದ 3.14ರ ಹೊಸ ಬಗೆಯಲ್ಲಿ ಆ ಬೀಗವಿಲ್ಲ. ಆದರೆ ಫೋಟೋ ಓದುವ ಹಳೆಯ ಲೈಬ್ರರಿಯೊಂದು ಅದನ್ನು ಮತ್ತೆ ಹಾಕಿಸಿತ್ತು. ಅದರ ಹೊಸ ಆವೃತ್ತಿ ಡೌನ್‌ಲೋಡ್ ಆಗಿ ಮುಗಿಯುವಷ್ಟರಲ್ಲಿ ಸವಣೂರಿನ ಬಸ್ಸು ಹೊರಟಿತು. ಓಡಿ ಹತ್ತಿದೆ.

ತೋಟದ ಹಿರಿಯ ಕೆಲಸಗಾರ ಇಮಾಮಸಾಬ ಪ್ರತಿ ಸಾಲಿನ ಎಲೆ ಕಿತ್ತು ಚೀಲಗಳ ಮೇಲೆ ಹರಡಿದ್ದರು. ಫೋಟೋ ತೆಗೆಯುತ್ತ ಬೀಗದ ಕಥೆ ಹೇಳಿದೆ.

"ಎಲಿ ಕೀಳಾವ್ರು ಹತ್ತು ಮಂದಿ, ಏಣಿ ಒಂದ. ಇಷ್ಟ ಹೌದಿಲ್ಲರಿ?" ಎಂದರು.

ಇಷ್ಟೇ. ಈ ಸಲ ಎಲ್ಲ ಎಳೆಗಳೂ ಒಟ್ಟಿಗೆ ಓಡಿದವು. ಉತ್ತರ ಬಂತು: ಎಲ್ಲ ಸಾಲಿಗೂ ರೋಗ.

ಶಾಂತವ್ವ ಲ್ಯಾಪ್‌ಟಾಪನ್ನೇ ದಿಟ್ಟಿಸಿದಳು. "ತ್ವಾಟಾ ಪೂರಾ ಕೀಳಬೇಕೇನ್ರಿ ಅಕ್ಕಾರ? ಹಂಗಾರ ಈ ಡಬ್ಬಿನ್ನ ನಟ್ಟು ನೀರು ಬಿಡ್ತೇನಿ."

ಆಗ ಇಮಾಮಸಾಬರ ಕೈಯಲ್ಲಿದ್ದ ಒದ್ದೆ ಬಟ್ಟೆ ಕಂಡಿತು. ಅವರು ಪ್ರತಿ ಎಲೆಯನ್ನೂ ಒರೆಸಿ ಇಟ್ಟಿದ್ದರು. ರೋಗದ ಗುರುತೆಂದರೆ ನೀರು ಕುಡಿದಂಥ ಹೊಳೆಯುವ ಕಲೆ. ಒದ್ದೆಯಾದ ಎಲೆ ಇಡಿಯಾಗಿ ಹೊಳೆಯುತ್ತಿತ್ತು.

"ಮಂದಿ ಮುಂದ ಇಡೋ ಎಲಿ ಒರಸಲಾರದ ಹೆಂಗ ಇಡ್ಲಿರಿ? ನಮ್ಮಪ್ಪನ ಕಾಲದಿಂದ ಹಿಂಗ."

"ಮಾರಿ ತೊಳದು ಕುಂದ್ರಸಾಕ ಇವರೇನು ಹೆಣ್ಣು ನೋಡಾಕ ಬಂದಾರೇನ ಸಾಬಣ್ಣ?" ಎಂದಳು ಶಾಂತವ್ವ. ನಗಲಿಲ್ಲ.

ಮೂವರೂ ಸಾಲುಗಳಿಗೆ ನುಗ್ಗಿದೆವು. ಬಳ್ಳಿಯ ಮೇಲಿದ್ದಂತೆಯೇ ಎಲೆಗಳ ಫೋಟೋ ತೆಗೆದೆವು. ಮುಗಿದಾಗ ಒಂದೂಕಾಲು, ಅಥವಾ ಒಂದೂವರೆ. ಹಳೆಯ ಪೈಥಾನಾಗಿದ್ದರೆ ಎರಡನೆಯ ಓಟಕ್ಕೆ ಹೊತ್ತೇ ಇರುತ್ತಿರಲಿಲ್ಲ. ಈಗ ಹೊತ್ತು ಸಿಕ್ಕಿತು. ರೋಗದ ಸಾಲುಗಳು: ನಾಲ್ಕು, ಒಂಬತ್ತು. ಖಾತ್ರಿಗೆಂದು ಇನ್ನೊಮ್ಮೆ ಓಡಿಸಿದೆ: ನಾಲ್ಕು, ಹತ್ತು.

ತಪ್ಪು ನನ್ನದೇ. ಬೀಗ ಹೋದಮೇಲೆ ಎರಡು ಎಳೆಗಳು ಸಾಲುಗಳ ಒಂದೇ ಎಣಿಕೆಯನ್ನು ಒಟ್ಟಿಗೆ ತಿದ್ದದಂತೆ ನಾನೇ ಕಾವಲು ಹಾಕಬೇಕಿತ್ತು, ಹಾಕಿರಲಿಲ್ಲ. ಅದನ್ನು ಹಾಗೆಯೇ ಹೇಳಿದೆ.

ಶಾಂತವ್ವ ಸೆರಗು ಬಿಗಿದಳು. "ಮೂರೂ ಕೀಳೂಣು. ಉಳದದ್ದು ಉಳೀಲಿ."

ಕಿತ್ತೆವು. ಬೇರಿನ ಮಣ್ಣು ಇನ್ನೂ ಕೈಯಲ್ಲಿರುವಾಗಲೇ ಮೋಟಾರು ಶುರುವಾಯಿತು. ಸಂಜೆಯ ಬಸ್ಸಿಗೆ ನಾನು ಹೊರಟಾಗ ಕಿತ್ತ ಬಳ್ಳಿಗಳು ತೋಟದಾಚೆ ಹೊಗೆಯಾಡುತ್ತಿದ್ದವು.

ಉಳಿದ ಸಾಲುಗಳು ಹಸಿರಾಗಿವೆಯೆಂದು ಶಾಂತವ್ವ ಫೋನು ಮಾಡಿದ್ದಳು. ತಿದ್ದಿದ ಪ್ರೋಗ್ರಾಮು ಈಗ ಅವೇ ಫೋಟೋಗಳ ಮೇಲೆ ಎಷ್ಟು ಸಲ ಓಡಿಸಿದರೂ ನಾಲ್ಕು, ಹತ್ತು ಎನ್ನುತ್ತದೆ. ಪ್ರೋಗ್ರಾಮು ಹೇಳುವುದು ನಿಜವೇ ಎಂದು ನೋಡಲು ಬಳ್ಳಿ ಇಲ್ಲ. ಒಂಬತ್ತನೆಯ ಸಾಲನ್ನು ಸುಮ್ಮನೆ ಸುಟ್ಟೆವೋ ಏನೋ, ನನಗೆ ಗೊತ್ತಿಲ್ಲ.