ಬತೂಲಳ ತಲೆಗೆ ಹಚ್ಚಿದ ಕರಿ ಎಣ್ಣೆ

ಫ್ರೆಂಚರ ಕಾಲದಲ್ಲಿ ಫೆಸ್ ಊರಿನ ಯಾವ ಮದುಮಗಳ ಜಡೆ ಹೆಣೆಯಬೇಕಾದರೂ ಹಮ್ಮಾಮಿಗೆ, ಅಂದರೆ ಊರ ಸ್ನಾನದ ಮನೆಗೆ, ಯಾಮ್ನಾಳನ್ನೇ ಕರೆಸುತ್ತಿದ್ದರು. ಬಾಯಿ ಜೋರು, ಕೈ ಬಲು ಮೃದು. ಅವಳು ಬಾಯಿ ಮುಚ್ಚಿದ್ದನ್ನು ಕಂಡವರೇ ಇಲ್ಲ. ಅಂಥವಳ ಆರು ವರ್ಷದ ಮಗಳು ಬತೂಲಳ ತಲೆಗೇ ಹುಳುಕಡ್ಡಿ ಹತ್ತಿತು. ಬಿಲ್ಲೆಬಿಲ್ಲೆಯಾಗಿ ಕೂದಲು ಉದುರಿತು. ಬೇರೆ ಮನೆಯಾಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲವೇನೋ. ಜಡೆಯವಳ ಮನೆಯಲ್ಲಾದರೆ ಜನ ಬಿಡುತ್ತಾರೆಯೇ?

"ಊರಿಗೆಲ್ಲಾ ಜಡೆ, ಮಗಳಿಗೆ ಬೋಳು ತಲೆ! ಯಾರ ಕಣ್ಣು ಬಿತ್ತೋ!" ಎಂದು ನಾದಿನಿ ಹನೀಯಾ ಲೊಚಗುಟ್ಟಿದಳು.

ಯಾಮ್ನಾ ಚಿಕ್ಕವಳಿದ್ದಾಗ ಈ ರೋಗಕ್ಕೆ ತಲೆಗೆ ಬಿಸಿ ರಾಳದ ಟೋಪಿ ಕೂರಿಸಿ, ಆರಿದ ಮೇಲೆ ಕೂದಲ ಸಮೇತ ಕಿತ್ತೆಳೆಯುತ್ತಿದ್ದರು. ಆ ಮಕ್ಕಳ ಚೀರಾಟ ಅವಳ ಕಿವಿಯಲ್ಲಿ ಇನ್ನೂ ಇತ್ತು. ಈಗ ಆಸ್ಪತ್ರೆಗೆ ಹೊಸ ಯಂತ್ರ ಬಂದಿತ್ತು. ತಲೆಗೆ ಎಕ್ಸ್‌ರೇ ಹಾಯಿಸಿದರೆ ನೋವಿಲ್ಲದೆ ಹಳೆಯ ಕೂದಲು ಉದುರಿ, ಆರೋಗ್ಯದ ಕೂದಲು ಬರುತ್ತದಂತೆ. ನರ್ಸ್ ಜೋಹ್ರಾ ಮೊದಲೇ ಎಚ್ಚರಿಸಿದ್ದಳು: "ತಲೆಗೆ ಏನೂ ಹಚ್ಚಬೇಡಿ, ಎಣ್ಣೆ ಕೂಡ. ಹಚ್ಚಿದ್ರೆ ಚರ್ಮ ಸುಡುತ್ತೆ."

ಆದರೆ ಕಣ್ಣಿಗೆ ಕಾಣದ ಬೆಂಕಿ ಅಂದರೆ ಏನು? ಗುಂಯ್‌ಗುಡುವ ಪೆಟ್ಟಿಗೆಯೊಳಗೆ ಜಿನ್ನಲ್ಲದೆ ಇನ್ನೇನಿದ್ದೀತು?

"ಕತ್ರಾನ್ ಹಚ್ಚದೆ ಕೂಸನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀಯಾ? ತಾಯಿನಾ ನೀನು?" ಎಂದಳು ಹನೀಯಾ.

ಕತ್ರಾನ್ ಎಂದರೆ ಮರದಿಂದ ಬಟ್ಟಿ ಇಳಿಸಿದ ಕರಿ ಎಣ್ಣೆ. ಅದರ ವಾಸನೆಗೆ ಜಿನ್ನು ಹತ್ತಿರ ಸುಳಿಯುವುದಿಲ್ಲವೆಂದು ಅಲ್ಲಿ ತೊಟ್ಟಿಲಿಗೂ ಹಚ್ಚುತ್ತಾರೆ, ನೀರಿನ ಹೂಜಿಗೂ ಹಚ್ಚುತ್ತಾರೆ. ಹೆದರಿದ ಯಾಮ್ನಾ ಬತೂಲಳ ಒಂದು ಕಿವಿಯ ಮೇಲ್ಗಡೆ, ತಲೆಗೆ ಅದನ್ನು ಚೆನ್ನಾಗಿ ತಿಕ್ಕಿದಳು. ಆಮೇಲೆ ನರ್ಸಿನ ಮಾತು ನೆನಪಾಯಿತು. ತೊಳೆದು, ವಾಸನೆ ಮುಚ್ಚಲು ಕಿತ್ತಳೆ ಹೂವಿನ ನೀರು ಚಿಮುಕಿಸಿದಳು.

"ಯಾರಿಗೂ ಹೇಳ್ಬೇಡ ಮಗಳೇ. ಹೇಳಿದ್ರೆ ನಿನ್ನ ಆಸ್ಪತ್ರೇಲೇ ಇಟ್ಕೋತಾರೆ."

ಆಸ್ಪತ್ರೆಯಲ್ಲಿ ಜೋಹ್ರಾ ಮೂಗರಳಿಸಿದಳು. "ಏನಾದ್ರೂ ಹಚ್ಚಿದ್ಯಾ?"

"ಇಲ್ಲ, ದೇವರಾಣೆ! ನಾನು ಹಮ್ಮಾಮಿನವಳು ಕಣಮ್ಮಾ, ಒಲೆಯ ಹೊಗೆ ಅದು."

ಮಗುವನ್ನು ಒಳಗೆ ಮಲಗಿಸಿ ಬಾಗಿಲು ಹಾಕಿದರು. ಪೆಟ್ಟಿಗೆ ಗುಂಯ್‌ಗುಟ್ಟಿತು. ಬತೂಲ್ ನಗುತ್ತಲೇ ಹೊರಬಂದಳು. ಕೆಲವು ವಾರಗಳಲ್ಲಿ ಕೂದಲೆಲ್ಲ ದಿಂಬಿನ ಮೇಲೆ ಉದುರಿತು. ಅದನ್ನು ಮೊದಲೇ ಹೇಳಿದ್ದರು. ಆದರೆ ಎಣ್ಣೆ ತಿಕ್ಕಿದ ಕಡೆ ಬೊಕ್ಕೆಗಳೂ ಎದ್ದವು. ಅವು ಒಡೆದು ಹಸಿ ಗಾಯವಾದವು. ಇನ್ನು ಈ ತಲೆಯಲ್ಲಿ ಒಂದು ಎಳೆಯೂ ಹುಟ್ಟುವುದಿಲ್ಲವೇನೋ ಎಂದು ಯಾಮ್ನಾಳಿಗೆ ಅನ್ನ ನೀರು ಸೇರಲಿಲ್ಲ.

ಮತ್ತೆ ಆಸ್ಪತ್ರೆಗೆ ಒಯ್ದಳು. ಗಾಯ ನೋಡಿದ ಫ್ರೆಂಚ್ ಡಾಕ್ಟರ ಮುಖ ಬಿಳಿಚಿಕೊಂಡಿತು. ಅವರು ಹೇಳಿದ್ದನ್ನು ಜೋಹ್ರಾ ತಿಳಿಸಿದಳು: "ಏನಾದ್ರೂ ಹಚ್ಚಿದ್ರೆ ಹೇಳಿಬಿಡು, ಅದಕ್ಕೊಂದು ದಾರಿ ಇದೆ. ಹಚ್ಚಿಲ್ಲ ಅಂದ್ರೆ ಯಂತ್ರ ಜಾಸ್ತಿ ಸುಟ್ಟಿದೆ ಅಂತ ಅರ್ಥ. ಆವತ್ತು ಬಂದ ಮಕ್ಕಳನ್ನೆಲ್ಲಾ ಕರೆಸ್ಬೇಕು."

ಯಾಮ್ನಾ ಬಾಗಿಲ ಕಡೆ ನೋಡಿದಳು. ಗಂಡನಿಗೆ ಗೊತ್ತಾದರೆ? ಊರಿಗೆ ಗೊತ್ತಾದರೆ? ಮಗಳ ತಲೆ ಸುಟ್ಟವಳ ಕೈಗೆ ಯಾವ ತಾಯಿ ತನ್ನ ಮದುಮಗಳ ತಲೆ ಕೊಟ್ಟಾಳು?

ಅಷ್ಟರಲ್ಲಿ ಬತೂಲ್ ಮೇಜಿನ ಮೇಲಿಂದ ಗಟ್ಟಿಯಾಗಿ ಹೇಳಿದಳು: "ಯಿಮ್ಮಾ ಏನೂ ಹಚ್ಚಿಲ್ಲ. ದೇವರಾಣೆ! ಒಲೆಯ ಹೊಗೆ ಅದು."

ನೋವಿಗೆ ಕೂಸಿನ ಗದ್ದ ನಡುಗುತ್ತಿತ್ತು. ಯಾಮ್ನಾಳಿಗೆ ತಡೆಯಲಾಗಲಿಲ್ಲ.

"ಹಚ್ಚಿದ್ದೀನಿ. ಕತ್ರಾನ್..."

ಬತೂಲ್ ಹಾರಿ ಬಂದು ತಾಯಿಯ ಬಾಯಿಗೆ ಅಂಗೈ ಒತ್ತಿದಳು. "ಹೇಳ್ಬೇಡ ಯಿಮ್ಮಾ! ನನ್ನ ಇಟ್ಕೋತಾರೆ!" ಯಾಮ್ನಾ ಆ ಪುಟ್ಟ ಕೈ ಸರಿಸಿ ಇನ್ನೊಮ್ಮೆ ಹೇಳಬೇಕಾಯಿತು.

ಮುಂದೆ ಬತೂಲಳಿಗೆ ಸೊಂಟದುದ್ದ ಕೂದಲು ಬಂತು, ಕಿವಿಯ ಮೇಲಿನ ಅಂಗೈಯಗಲ ಜಾಗವೊಂದನ್ನು ಬಿಟ್ಟು. ಅದು ಕಾಣದಂತೆ ತಾಯಿಯೇ ದಿನಾ ಜಡೆ ಹೆಣೆಯುತ್ತಿದ್ದಳು. ಹೆಣೆದು ಮುಗಿಯುವವರೆಗೆ ಯಾಮ್ನಾ ಒಂದು ಮಾತೂ ಆಡುತ್ತಿರಲಿಲ್ಲ.