ಮುಂಬಾಗಿಲ ನೀಲವ್ವ

ನೀಲವ್ವನ ಬಲಗೈ ಟೀವಿಯಲ್ಲಿ ಬಂದಿತ್ತು. ಮುಖ ಬಂದಿರಲಿಲ್ಲ, ದನಿಯೂ ಬಂದಿರಲಿಲ್ಲ. ಮೊಣಕೈಯಿಂದ ಈಚೆಗಿನ ಕೈ, ಹಸಿರು ಗಾಜಿನ ಬಳೆ, ಸೊಟ್ಟ ಕಿರುಬೆರಳು, ಬೆರಳಿನಿಂದ ಇಳಿಬಿದ್ದ ಮಲ್ಲಿಗೆ ಮಾಲೆ. ಧಾರಾವಾಹಿಯ ಸೊಸೆ ಆ ಮಾಲೆ ತೆಗೆದುಕೊಂಡು ಬಾಗಿಲಿಗೆ ಕಟ್ಟುತ್ತಾಳೆ, ಕೈ ಮರೆಯಾಗುತ್ತದೆ. ಅಷ್ಟೇ. ಆದರೆ ಧಾರಾವಾಹಿ ತೆಗೆದ ಮನೆ ನೋಡಲು ಬಂದವರು ಯಾರಾದರೂ ಆ ಸೊಸೆಯ ಸುದ್ದಿ ಎತ್ತಿದರೆ ನೀಲವ್ವ ಹೂವಿನ ಬುಟ್ಟಿಯಿಂದ ಕೈ ಮೇಲೆತ್ತಿ ತೋರಿಸುತ್ತಿದ್ದಳು.

“ಅಕಿ ಬೆಂಗಳೂರಾಗ ಅದಾಳ. ಈ ಕೈ ಇಲ್ಲೇ ಐತಿ. ಹೊಡ್ಕೊಳ್ರಿ ಫೋಟೋ.”

ಹೊಡೆದುಕೊಳ್ಳುತ್ತಿದ್ದರು. ಹಗರಿಬೊಮ್ಮನಹಳ್ಳಿಯ ಮದುವೆ ಜೋಡಿಯೊಂದು ಆ ಕೈಯನ್ನು ನಡುವೆ ಇಟ್ಟುಕೊಂಡು ಫೋಟೋ ತೆಗೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಹೂವಿನಹಡಗಲಿಯ ನಮ್ಮ ಓಣಿಯಲ್ಲಿ ಸಾವಕಾರರ ಮನೆ ಅಂದರೆ ಎತ್ತರದ ಜಗಲಿ, ತೇಗದ ದೊಡ್ಡ ಬಾಗಿಲು, ಬಾಗಿಲ ತಲೆಯ ಮೇಲೆ ಕೆತ್ತಿದ ಗಿಳಿಗಳು. ಸಾವಕಾರರು ಬಹಳ ಹಿಂದೆಯೇ ಬಳ್ಳಾರಿಗೆ ಹೋಗಿ ನೆಲೆಸಿದರು. ಬೀಗ ಹಾಕಿದ್ದ ಮನೆಯನ್ನು ಧಾರಾವಾಹಿಯವರು ಬಾಡಿಗೆಗೆ ಹಿಡಿದರು. ಧಾರಾವಾಹಿ ವರ್ಷಗಟ್ಟಲೆ ಓಡಿತು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ರಾತ್ರಿ ಊಟದ ಹೊತ್ತು ಅದಕ್ಕೆ ತಕ್ಕಂತೆ ಹಿಂದುಮುಂದಾಯಿತು. ಅದರ ಹೆಸರನ್ನು ಯಾರೂ ಪೂರ್ತಿ ಹೇಳುತ್ತಿರಲಿಲ್ಲ. ‘ದೊಡ್ಡಬಾಗಲಾ’ ಅಂದರೆ ಸಾಕಿತ್ತು.

ನನ್ನ ಹೊಲಿಗೆ ಅಂಗಡಿ ಆ ಬಾಗಿಲಿಗೆ ಸರಿಯಾಗಿ ಎದುರು. ಸೊಸೆ ಹೊಸ್ತಿಲಲ್ಲಿ ನಿಂತು ರಸ್ತೆ ನೋಡುವಾಗ ಕ್ಯಾಮೆರಾ ಅವಳ ಬೆನ್ನ ಹಿಂದೆ ಇರುತ್ತಿತ್ತು. ಹೀಗಾಗಿ ನನ್ನ ಅಂಗಡಿಯ ಬೋರ್ಡು, ಬೋರ್ಡಿನ ಮೇಲಿನ ಫೋನ್ ನಂಬರು ಮನೆಮನೆಯ ಟೀವಿಯಲ್ಲಿ ಕಂಡವು. ಧಾರಾವಾಹಿ ಮುಗಿದು, ಮನೆ ಕೆಡವಿ ಮಳಿಗೆ ಕಟ್ಟುತ್ತಾರಂತೆ ಎಂಬ ಸುದ್ದಿ ಹಬ್ಬಿದ ಮೇಲೆ ಅಭಿಮಾನಿಗಳು ಆ ನಂಬರಿಗೆ ಫೋನ್ ಮಾಡತೊಡಗಿದರು. ಕೊಟ್ಟೂರಿನವರು, ಉಜ್ಜಿನಿಯವರು, ಇಟ್ಟಿಗಿಯವರು. ಎಲ್ಲರದೂ ಒಂದೇ ಮಾತು: “ಮನಿ ಐತೇನ್ರಿ ಇನ್ನಾ?”

ನಾನು ಮಷೀನು ನಿಲ್ಲಿಸಿ, ತಲೆಯೆತ್ತಿ ಎದುರಿಗೆ ನೋಡುತ್ತಿದ್ದೆ. ನೋಡಿದ ಮೇಲೆಯೇ “ಐತ್ರಿ” ಅನ್ನುತ್ತಿದ್ದೆ. ಜಗಲಿಯ ಮೂಲೆಯಲ್ಲಿ ಹೂವು ಕಟ್ಟುತ್ತ ಕುಳಿತ ನೀಲವ್ವನಿಗೆ ಇದು ನಗೆಯ ವಿಷಯ.

“ಏ ಟೇಲರಾ, ಅಷ್ಟು ದೊಡ್ಡ ಮನಿ. ಅದೇನು ಸೂಜಿ ಏನಲೇ, ಹಂಗ ಹುಡುಕಿ ನೋಡಾಕ?”

ಬಾಡಿದ ಹೂವು ಕಂಡರೆ ಅವಳಿಗೆ ತನ್ನನ್ನೇ ಯಾರೋ ಬೈದಷ್ಟು ಸಿಟ್ಟು ಬರುತ್ತಿತ್ತು. ನಿನ್ನೆಯ ಮಾಲೆಗೆ ನೀರು ಚಿಮುಕಿಸಿ ಮಾರುವವರನ್ನು ಕಂಡರೆ ಜಗಳಕ್ಕೆ ಹೋಗುತ್ತಿದ್ದಳು. ಬಸ್ ಸ್ಟ್ಯಾಂಡಿನ ಹೂವಿನ ರೇಣವ್ವನ ಜೊತೆ ಅವಳು ಮಾತು ಬಿಟ್ಟದ್ದು ಇದೇ ಕಾರಣಕ್ಕೆ. ಓಣಿಯಲ್ಲಿ ಹೋಗುವ ಹೆಂಗಸರ ತುರುಬಿನಲ್ಲಿ ಬಾಡಿದ ಹೂವಿದ್ದರೆ ಗುರುತಿರಲಿ ಬಿಡಲಿ, ಕರೆದು ಕಿತ್ತು ಹಾಕುತ್ತಿದ್ದಳು. “ಇದು ನಿನ್ನೇದು. ನೀ ಇವತ್ತಿನಕಿ.” ಹೊಸ ತುಂಡೊಂದು ಮುಡಿಸಿ ಕಳಿಸುತ್ತಿದ್ದಳು.

ಈ ಸಿಟ್ಟೇ ಒಮ್ಮೆ ಚಿತ್ರೀಕರಣವನ್ನು ಕೆಡಿಸಿತು. ಮಗನನ್ನು ಮನೆಯಿಂದ ಹೊರಗೆ ಹಾಕಿದ ರಾತ್ರಿ ತಾಯಿ ಬಾಗಿಲಲ್ಲೇ ಕುಳಿತಿರುತ್ತಾಳೆ. ಬೆಳಗಾಗುವ ಹೊತ್ತಿಗೆ ಬಾಗಿಲ ಮಾಲೆ ಬಾಡಿ ಜೋತಿರಬೇಕು. ಅದಕ್ಕೆಂದೇ ಹಿಂದಿನ ದಿನದ ಮಾಲೆಯನ್ನು ಹಾಗೇ ಬಿಟ್ಟಿದ್ದರು. ಎಲ್ಲರೂ ಚಹಾಕ್ಕೆ ಹೋದಾಗ ನೀಲವ್ವ ಬಂದಳು, ನೋಡಿದಳು, ಹಳೆಯದನ್ನು ಕಿತ್ತು ಹೊಸ ಮಾಲೆ ಕಟ್ಟಿ ಹೋದಳು. ಹಳೆಯದು ಅಷ್ಟರಲ್ಲಿ ಆಡಿನ ಹೊಟ್ಟೆ ಸೇರಿತ್ತು.

ನಿರ್ದೇಶಕರು ತಲೆ ಹಿಡಿದುಕೊಂಡರು. “ಅಮ್ಮಾ, ಅದು ಬಾಡಿರಬೇಕಿತ್ತು!”

“ಬಾಡಿಸಾಕ ನಾ ಯಾಕ್ರಿ ಕಟ್ಲಿ?”

ಬೆಳಗಿನ ಬೆಳಕು ಕಾಯುವಂಥದ್ದಲ್ಲ. ಹಾಗೆಯೇ ತೆಗೆದರು. ಟೀವಿಯಲ್ಲಿ ಅದು ಬಂದಾಗ, ರಾತ್ರಿಯೆಲ್ಲ ಅತ್ತ ತಾಯಿಯ ತಲೆಯ ಮೇಲೆ ಮಲ್ಲಿಗೆ ಆಗಷ್ಟೇ ಅರಳಿದಂತಿತ್ತು. ಮಗ ಮರಳಿ ಬರುತ್ತಾನೆಂದು ಬಾಗಿಲೇ ಹೇಳಿತು ಅಂತ ಜನ ಅರ್ಥ ಮಾಡಿಕೊಂಡರು. ಕೊಟ್ಟೂರಿನಿಂದ ಬಂದ ಹೆಂಗಸೊಬ್ಬಳು ಅದೇ ಜಾಗದಲ್ಲಿ ಕುಳಿತು ಅತ್ತಳು. ನೀನು ಕತೆ ತಿಳಿದೇ ಹಾಗೆ ಮಾಡಿದೆಯಾ ಎಂದು ನಾನು ಕೇಳಿದೆ. ನೀಲವ್ವ ನನ್ನನ್ನು ಹುಚ್ಚನಂತೆ ನೋಡಿದಳು. “ಕತಿ ಯಾರಿಗೆ ಗೊತ್ತಿತ್ತಲೇ? ಬಾಡಿತ್ತು, ಬದಲ ಮಾಡ್ದೆ.”

ಧಾರಾವಾಹಿ ಮುಗಿದು ಲಾರಿಗಳು ಹೋದ ಮೇಲೂ ಅವಳು ದಿನಾ ಬೆಳಿಗ್ಗೆ ನನ್ನ ಅಂಗಡಿಯ ಸ್ಟೂಲು ಒಯ್ದು ಆ ಬಾಗಿಲಿಗೆ ಮಾಲೆ ಕಟ್ಟುವುದನ್ನು ಬಿಡಲಿಲ್ಲ. ಯಾರೂ ಇಲ್ಲದ ಮನೆಗೆ ಯಾಕೆ ಎಂದು ಒಂದು ದಿನ ಕೇಳಿಬಿಟ್ಟೆ. ಅವಳು ಬಾಳೆನಾರನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮತ್ತೆ ಅದ್ದಿದಳು.

“ನಮ್ಮವ್ವ ಈ ಮನಿಗೆ ಹೂವ ಕೊಟ್ಟಾಳ. ಹಿತ್ತಲ ಬಾಗಲದಾಗ. ನಾನೂ ಅಲ್ಲೇ ಕೊಟ್ಟೆ. ಗ್ವಾಡಿ ಮ್ಯಾಲಿಂದ ಕೈ ಚಾಚಿ ತಗೋತಿದ್ರು. ಸೀರಿಯಲ್ಲಿನವ್ರು ಬಂದ್ರು, ಅವ್ರಿಗೆ ಇದೆಲ್ಲ ಗೊತ್ತಿಲ್ಲ. ‘ಅಮ್ಮಾ, ಮುಂದಿನ ಬಾಗಲಿಗೆ ಕಟ್ಟಿ’ ಅಂದ್ರು. ಅವತ್ತ ಈ ಜಗಲಿ ಹತ್ತೀನಿ ನಾ. ಹೊಳ್ಳಿ ಹಿತ್ತಲಕ್ಕ ಹೋಗಂಗಿಲ್ಲ. ಇದು ಬಿದ್ದರ ನಾ ಹತ್ತಿದ್ದು ಯಾರಿಗೆ ಗೊತ್ತಾಗಬೇಕು?”

ಮನೆ ಕೆಡವಲು ಯಂತ್ರ ಬಂದ ದಿನದ ಬಗ್ಗೆ ಜನರ ಫೋನಿನಲ್ಲಿ ಏನೇನೋ ಹರಿದಾಡಿದೆ. ನೀಲವ್ವ ಯಂತ್ರದ ಮುಂದೆ ಅಡ್ಡ ಮಲಗಿದಳಂತೆ, ಸಾವಕಾರರ ಮಗ ಅವಳನ್ನು ದೂಡಿದನಂತೆ. ಇವೆರಡೂ ನಡೆಯಲಿಲ್ಲ. ನಾನು ಕತ್ತರಿ ಹಿಡಿದುಕೊಂಡೇ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಹಳದಿ ಜೆಸಿಬಿ ಮೊದಲು ಜಗಲಿಯ ಮೂಲೆಗೆ ಬಾಯಿ ಹಾಕಿತು. ನೀಲವ್ವ ಕೂರುತ್ತಿದ್ದ ಮೂಲೆ ಅದೇ. ಕಲ್ಲುಗಳು ಉರುಳಿದವು, ಓಣಿಯೆಲ್ಲ ದೂಳು. ದೂಳು ತಿಳಿಯಾಗುವಷ್ಟರಲ್ಲಿ ನೀಲವ್ವ ನನ್ನ ಪಕ್ಕದಿಂದ ಸ್ಟೂಲು ಎಳೆದುಕೊಂಡು ಹೋದಳು. ಯಂತ್ರದ ಕಬ್ಬಿಣದ ಕೈ ಮೇಲೆ ಎತ್ತಿಯೇ ಇತ್ತು. ಅದರ ಕೆಳಗೆ ಸ್ಟೂಲು ಹಾಕಿ ಹತ್ತಿದಳು. ತಲೆ, ಭುಜ, ಹುಬ್ಬು ಎಲ್ಲ ಬೆಳ್ಳಗಾಗಿತ್ತು. ಹೂವಿಗೆ ಮಾತ್ರ ಸೆರಗು ಮುಚ್ಚಿ ತಂದಿದ್ದಳು.

“ಏ ಅಜ್ಜೀ, ಕೆಳಗಿಳಿ! ಇದು ನಮ್ಮ ಮನಿ!” ಸಾವಕಾರರ ಮಗ ಕೂಗಿದ.

“ಮನಿ ನಿಂದೇ ನನ್ನಪ್ಪ. ಹೂವು ನಂದು. ನನ್ನ ಹೂವು ಬಾಡ್ಲಿ, ಆಮ್ಯಾಲೆ ಕೆಡವು.”

ಎರಡೂ ಕಡೆ ಗಂಟು ಹಾಕಿ, ಜಗ್ಗಿ ನೋಡಿ, ಇಳಿದಳು. ಯಂತ್ರದ ಸದ್ದು ನಿಂತಿತು. ಚಾಲಕ ಹರಪನಹಳ್ಳಿಯ ದಾದಾಪೀರ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು ಕೆಳಗೆ ಧುಮುಕಿದ.

“ಹಸಿ ಹೂವಿರೋ ಬಾಗ್ಲು ನಾನು ಮುಟ್ಟಲ್ಲ ಸಾವ್ಕಾರ್ರೇ. ಅದ್ರಾಗೆ ಇದು ದೊಡ್ಡಬಾಗ್ಲು. ನಮ್ಮವ್ವಂಗೆ ಗೊತ್ತಾದ್ರೆ ಮನೆಯಾಗೆ ಉಣ್ಣಾಕೆ ಇಡಲ್ಲ.”

“ಹಂಗಾದ್ರ ಮೊದಲು ಹೂವು ತಗಿ.”

“ನಿಮ್ಮನೆ ಬಾಗ್ಲು. ನೀವೇ ತೆಗೀರಿ.”

ಸಾವಕಾರರ ಮಗ ಜಗಲಿ ಹತ್ತಿ ಅದೇ ಸ್ಟೂಲಿನ ಮೇಲೆ ನಿಂತ. ಕೈ ಎತ್ತಿದ. ಓಣಿಯ ಎಲ್ಲ ಬಾಗಿಲುಗಳಲ್ಲೂ ಜನ ನಿಂತಿದ್ದರು. ನಮ್ಮ ಓಣಿಯಲ್ಲಿ ಮನೆಯವನೇ ತನ್ನ ಬಾಗಿಲಿನ ಹಸಿ ಹೂವು ಕೀಳುವುದು ಒಂದೇ ಸಂದರ್ಭದಲ್ಲಿ, ಒಳಗೆ ಸಾವಾದಾಗ. ಅವನ ತಂದೆ ಬಳ್ಳಾರಿಯಲ್ಲಿ ಜೀವಂತ ಇದ್ದರು. ಎತ್ತಿದ ಕೈಯಿಂದ ಅವನು ತಲೆಗೂದಲು ಸರಿಮಾಡಿಕೊಂಡು ಕೆಳಗಿಳಿದ. “ನಾಳಿ ಬಾಡ್ತೈತಲ್ಲ, ನಾಳಿ ಬರ್ತೀನಿ” ಅಂದ.

“ನಾನೂ ಬರ್ತೀನಿ” ಅಂದಳು ನೀಲವ್ವ.

ಆ ಮನೆ ಆ ಬೇಸಿಗೆಯೆಲ್ಲ ನಿಂತದ್ದು ಒಂದು ಬಾಳೆನಾರಿನ ಮೇಲೆ. ಯಂತ್ರ ಆಗಾಗ ಬರುತ್ತಿತ್ತು. ಬಾಗಿಲಲ್ಲಿ ಹಸಿ ಹೂವು ಇರುತ್ತಿತ್ತು. ದಾದಾಪೀರ ಬೇವಿನ ನೆರಳಿನಲ್ಲಿ ಚಹಾ ಕುಡಿದು ವಾಪಸು ಹೋಗುತ್ತಿದ್ದ. ಭಾನುವಾರ ಅಭಿಮಾನಿಗಳು ಹೂವು ಹಿಡಿದು ಬರತೊಡಗಿದರು. ಕೂಡ್ಲಿಗಿಯ ತರುಣನೊಬ್ಬ ಮೋಟರ್‌ಸೈಕಲ್ ಮೇಲೆ ಪ್ಲಾಸ್ಟಿಕ್ ಮಾಲೆ ತಂದಿದ್ದ. “ಇದು ಬಾಡಂಗೇ ಇಲ್ಲ ಅಮ್ಮಾರ. ಒಮ್ಮಿ ಕಟ್ಟಿ ಬಿಟ್ರ ಮುಗೀತು” ಅಂದ. ಉಪಾಯ ನನಗೂ ಸರಿಯೆನಿಸಿತ್ತು. ನೀಲವ್ವ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

“ಒಮ್ಮಿ ಕಟ್ಟಿ ಮನಿಗೆ ಹೋಗಿ ಮಲಗೋದು. ಭಾಳ ಚಲೋ ಐತಿ. ಇದನ್ನ ನಿನ್ನ ಮೋಟರ್‌ಸೈಕಲ್ಲಿಗೆ ಕಟ್ಕೋ, ಅದನ್ನ ಯಾರೂ ಕೆಡವಂಗಿಲ್ಲ.”

ಮಳೆ ಹಿಡಿಯುವ ಮೊದಲು ಅವಳು ಒಂದು ಬೆಳಿಗ್ಗೆ ಸ್ಟೂಲಿನ ಮೇಲೆಯೇ ಎದೆ ಹಿಡಿದುಕೊಂಡು ಕುಳಿತಳು. ಗಂಟು ಪೂರ್ತಿ ಹಾಕಿದ್ದಳು. ದಾವಣಗೆರೆಯ ಆಸ್ಪತ್ರೆಗೆ ಒಯ್ದೆವು. ಅವಳ ತಂಗಿಯ ಮಗಳು ಜೊತೆಗೆ ಉಳಿದಳು, ನಾನೂ ಉಳಿದೆ. ಮರುದಿನ ಬೆಳಿಗ್ಗೆ ನೀಲವ್ವ ಕಣ್ಣು ತೆರೆದಳು. ಸೂಜಿ ಚುಚ್ಚಿದ್ದ ಬಲಗೈಯನ್ನು ನೋಡಿಕೊಂಡಳು, ಆಮೇಲೆ ನನ್ನನ್ನು.

“ಮನಿ ಐತೇನು?”

“ಐತಿ. ಓಣಿಯವರಿಗೆ ಫೋನ್ ಮಾಡಿ ಕೇಳ್ದೆ.”

“ಹೂವು?”

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. “ನಿನ್ನಿದೇ ಐತಿ ಯವ್ವಾ. ಬಾಡೈತಿ.”

ಅವಳ ಮುಖಕ್ಕೆ ಆ ಹಳೆಯ ಸಿಟ್ಟು ಬಂತು. ನನಗೆ ಅದನ್ನು ಕಂಡು ಸಮಾಧಾನವಾಯಿತು.

“ಮತ್ತ ಇಲ್ಲ್ಯಾಕ ಕುಂತೀಯಲೇ? ನನ್ನ ನೋಡಾಕ ಡಾಕ್ಟರ ಅದಾನ, ನರ್ಸಮ್ಮ ಅದಾಳ. ಆ ಬಾಗಲಾ ನೋಡಾಕ ಯಾರದಾರ? ಹೋಗು.”

“ಹೋಗ್ತೀನಿ, ನೀ ಒಂಚೂರು…”

“ಏಯ್, ಹೋಗಲೇ ಟೇಲರಾ.”

ಹರಪನಹಳ್ಳಿ ಮೇಲಿನ ಬಸ್ಸು ಹಿಡಿದು ಹಡಗಲಿಯಲ್ಲಿ ಇಳಿದಾಗ ಬಿಸಿಲು ಏರಿತ್ತು. ಬಸ್ ಸ್ಟ್ಯಾಂಡಿನಲ್ಲಿ ರೇಣವ್ವ ಒಬ್ಬಳೇ ಹೂವು ಇಟ್ಟುಕೊಂಡು ಕುಳಿತಿದ್ದಳು. ಬಾಗಿಲಿಗೆ ಮಾಲೆ ಬೇಕು ಅಂದೆ. “ಆ ಜಗಳಗಂಟಿ ಬಾಗಲಕ್ಕೇನು?” ಅಂದಳು. ಹೌದೆಂದೆ. ಮಾಲೆ ಅಳೆಯಲು ಮೊಳಕೈ ಚಾಚಿದವಳು ಅಳೆಯದೆ ಉದ್ದದ ಮಾಲೆಯೊಂದನ್ನು ಸುತ್ತಿ ಕೈಗಿಟ್ಟಳು. “ಇವತ್ತಿಂದೇ ಐತಿ. ಹೇಳು ಅಕಿಗೆ.”

ಓಣಿಯ ತಿರುವಿನಲ್ಲೇ ಹಳದಿ ಬಣ್ಣ ಕಂಡಿತು. ಯಂತ್ರ ಜಗಲಿಗೆ ಮುಖ ಮಾಡಿ ನಿಂತಿತ್ತು. ಸಾವಕಾರರ ಮಗ ಇನ್ನೂ ಬಂದಿರಲಿಲ್ಲ. ದಾದಾಪೀರ ಬೇವಿನ ಕೆಳಗಿದ್ದವನು ನನ್ನನ್ನೂ ಕೈಯಲ್ಲಿದ್ದ ಎಲೆಯ ಪೊಟ್ಟಣವನ್ನೂ ನೋಡಿ ಎದ್ದ. ಬಾಗಿಲಿಗೆ ಬೆನ್ನು ಮಾಡಿ ನಿಂತ.

“ನಿಧಾನ ಕಟ್ರಿ. ನಾನಿನ್ನೂ ಬಾಗ್ಲು ನೋಡಿಲ್ಲ” ಅಂದ.

ಸ್ಟೂಲು ಹಾಕಿ ಹತ್ತಿ, ಬಾಡಿದ ಮಾಲೆ ಬಿಚ್ಚಿದೆ. ನನ್ನ ಬೆರಳಿಗೆ ಅಂಗಿಯ ಗುಂಡಿ, ಕಾಜಾ ಗೊತ್ತು. ಒದ್ದೆ ನಾರು ಗೊತ್ತಿಲ್ಲ. ಅದು ಜಾರುತ್ತಿತ್ತು. ಒಂದು ಕಡೆ ಗಂಟು ಬಿತ್ತು. ಇನ್ನೊಂದು ಕಡೆ ಕಟ್ಟುವಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಯಾರದಿರಬಹುದು ಎಂದು ಗೊತ್ತಿತ್ತು. ಗಂಟು ಹಾಕಿದೆ. ಅವಳಂತೆ ಜಗ್ಗಿ ನೋಡಿದೆ. ಆಮೇಲೆ ಫೋನ್ ತೆಗೆದೆ. ತಂಗಿಯ ಮಗಳು ಅಳುತ್ತಿದ್ದಳು. ಅವಳು ಹೇಳುವ ಮೊದಲೇ ತಿಳಿಯಿತು. ನೀಲವ್ವ ಹೋಗಿದ್ದಳು.

ಸ್ಟೂಲಿನ ಮೇಲೆಯೇ ಕುಳಿತೆ. ಫೋನು ಮತ್ತೆ ಬಡಿಯಿತು. ಗುರುತಿಲ್ಲದ ನಂಬರು, ಹುಡುಗಿಯೊಬ್ಬಳ ದನಿ.

“ಕೂಡ್ಲಿಗಿಯಿಂದ್ರಿ. ಟೀವಿಯಾಗ ನಿಮ್ಮ ಬೋರ್ಡು ನೋಡಿದ್ವಿ. ಮನಿ ಐತೇನ್ರಿ ಇನ್ನಾ?”

ತಿರುಗಿ ನೋಡಿದೆ. “ಐತವ್ವಾ.”

“ಬಾಗಲಿಗೆ ಹೂವು ಕಟ್ತಾರಲ್ರಿ ಒಬ್ಬರು ಅಜ್ಜಿ, ಅವರು ಅದಾರೇನ್ರಿ?”

ಓಣಿಯ ಆ ತುದಿಯಲ್ಲಿ ಸಾವಕಾರರ ಮಗನ ಕಾರು ತಿರುಗಿತು. ದಾದಾಪೀರ ಈಗ ಬಾಗಿಲ ಕಡೆ ಹೊರಳಿ, ಮಾಲೆಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡ.

“ಹೂವು ಹಸೀದೇ ಐತಿ. ಬಂದು ನೋಡ್ರಿ” ಅಂದೆ.